ಮೆಡಿಟರೇನಿಯನ್ ಶೈಲಿಯ ಸಾಮಾನು: ಬೆಳಗಾವಿಯ ಮಳೆಗೆ ಒಗ್ಗುವುದನ್ನು ಕೊಳ್ಳೋಣ

ಮಾನ್ಯ ಸಂಪಾದಕರೇ,

ಬೆಳಗಾವಿಯಲ್ಲಿ ಹೊಸ ಮನೆ ಕಟ್ಟಿಸುವವರು ಕೇಳುವ ಸಾಮಾನು ಈಚೆಗೆ ಬದಲಾಗಿದೆ. ಸುಣ್ಣ ಬಳಿದಂಥ ಬಿಳಿ ಗೋಡೆ, ಕೆಂಪು ಮಣ್ಣಿನ ಕುಂಡ, ಹೆಣೆದ ಬುಟ್ಟಿ, ಲಿನನ್ ಪರದೆ, ಎಣ್ಣೆ ಸವರಿದ ಕಟ್ಟಿಗೆಯ ಬಟ್ಟಲು. ಮೊರಾಕೊ, ಸ್ಪೇನ್, ಗ್ರೀಸ್, ದಕ್ಷಿಣ ಇಟಲಿಯ ಮನೆಗಳ ನೋಟವಿದು. ಅಂಗಡಿಗಳಲ್ಲಿ ಇದಕ್ಕೆ ‘ಮೆಡಿಟರೇನಿಯನ್ ಸ್ಟೈಲ್’ ಎಂದು ಹೆಸರು, ಪಕ್ಕದಲ್ಲೇ ‘ಪರಿಸರಸ್ನೇಹಿ’ ಎಂಬ ಚೀಟಿ. ಪ್ಲಾಸ್ಟಿಕ್ಕಿನಿಂದ ಮಣ್ಣು, ನಾರು, ಹತ್ತಿಯ ಕಡೆಗೆ ಜನ ಹೊರಳುತ್ತಿರುವುದು ಸಂತೋಷದ ಮಾತು. ಆದರೆ ಆ ಕಡಲತೀರದ ಊರುಗಳಲ್ಲಿ ಈ ವಸ್ತುಗಳು ಪರಿಸರಕ್ಕೆ ಹಗುರವಾದದ್ದು ಮಣ್ಣು, ಸುಣ್ಣ, ಹುಲ್ಲು ಎಲ್ಲವೂ ಕೂಗಳತೆಯಲ್ಲಿ ಸಿಗುತ್ತಿದ್ದುದರಿಂದ. ಅದೇ ಕುಂಡ ಹಡಗು ಹತ್ತಿ, ಥರ್ಮಾಕೋಲಿನಲ್ಲಿ ಸುತ್ತಿಸಿಕೊಂಡು ಇಲ್ಲಿಗೆ ಬಂದರೆ ಆ ಗುಣ ಉಳಿಯುವುದಿಲ್ಲ.

ಎರಡನೆಯ ಸಂಗತಿಯನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ಮೆಡಿಟರೇನಿಯನ್ ಹವೆಯಲ್ಲಿ ಬೇಸಿಗೆ ಒಣ, ಮಳೆ ಬೀಳುವುದು ಚಳಿಗಾಲದಲ್ಲಿ. ಬೆಳಗಾವಿಯದು ಇದಕ್ಕೆ ತಿರುವುಮುರುವು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಹ್ಯಾದ್ರಿಯ ಮಗ್ಗುಲಿನ ಜಡಿಮಳೆ, ಗೋಡೆಯೂ ಬಟ್ಟೆಯೂ ಆರದ ದಿನಗಳು. ಅಲ್ಲಿ ವರ್ಷಗಟ್ಟಲೆ ಬಾಳುವ ನಾರಿನ ಚಾಪೆ, ಕಟ್ಟಿಗೆಯ ಬಟ್ಟಲು ಇಲ್ಲಿ ಒಂದೇ ಆಷಾಢದಲ್ಲಿ ಬೂಷ್ಟು ಹಿಡಿಯಬಹುದು. ವಿಜಯಪುರ, ಬಾಗಲಕೋಟೆಯ ಒಣ ಸೀಮೆಯಲ್ಲಿ, ಮಾಳಿಗೆ ಮನೆ ದಪ್ಪ ಗೋಡೆಗಳ ನಾಡಿನಲ್ಲಿ, ಈ ಶೈಲಿ ಹೆಚ್ಚು ಕಷ್ಟವಿಲ್ಲದೆ ಹೊಂದುತ್ತದೆ. ಬೆಳಗಾವಿಯಲ್ಲಿ ಆರಿಸಿ ಕೊಳ್ಳಬೇಕು. ಆರಿಸಲು ದೂರ ಹೋಗಬೇಕಿಲ್ಲ. ಖಡೇಬಜಾರ್, ಗಣಪತ ಗಲ್ಲಿ, ಮಾರುತಿ ಗಲ್ಲಿ, ರವಿವಾರ ಪೇಟೆ, ಆಚೆ ಶಹಾಪುರ, ವಡಗಾವಿ ಇಷ್ಟು ಸುತ್ತಿದರೆ ಈ ಶೈಲಿಗೆ ಬೇಕಾದ ಮುಕ್ಕಾಲು ಪಾಲು ಸಾಮಾನು ಕೈಗೆ ಬರುತ್ತದೆ. ಹಳೆಯ ಪೇಟೆಯಲ್ಲಿ ಕೊಳ್ಳುವವರಿಗೆ ವಸ್ತು ಪರೀಕ್ಷೆ ಮಾಡುವ ಕ್ರಮ ಗೊತ್ತಿರಲಿ ಎಂದು ಈ ಪತ್ರ.

ಮೊದಲು ಮಣ್ಣು. ನಮ್ಮ ಜಿಲ್ಲೆಯ ಖಾನಾಪುರ, ಊರಿನಿಂದ ಸುಮಾರು 25 ಕಿ.ಮೀ. ದೂರದಲ್ಲಿ, ಕೆಂಪು ಮಣ್ಣಿನ ಕೆಲಸಕ್ಕೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದೂ ಅಲ್ಲೇ. ಇಟಲಿಯ ‘ಟೆರಾಕೋಟಾ’ ಎಂದು ಮಾರುವ ಕುಂಡಕ್ಕೂ ಖಾನಾಪುರದ ಕುಂಡಕ್ಕೂ ಮೂಲದಲ್ಲಿ ಭೇದವಿಲ್ಲ: ಎರಡರಲ್ಲೂ ಇರುವುದು ಕಬ್ಬಿಣದ ಅಂಶವುಳ್ಳ ಜೇಡಿಮಣ್ಣು, ಎರಡನ್ನೂ ಕೆಂಪು ಮಾಡುವುದು ಬಟ್ಟಿಯ ಗಾಳಿ ಮತ್ತು ಬೆಂಕಿ. ಭೇದ ಬರುವುದು ಹದದಲ್ಲಿ ಮತ್ತು ಸುಡುವ ಕಾವಿನಲ್ಲಿ. ಮಳೆಯಲ್ಲಿ ಹೊರಗಿಡುವ ಕುಂಡ 900 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಸುಟ್ಟದ್ದಾದರೆ ಒಳ್ಳೆಯದು. ಕಡಿಮೆ ಕಾವಿನಲ್ಲಿ ಸುಟ್ಟದ್ದು ನೀರು ಕುಡಿದು ಕುಡಿದು ಪದರು ಪದರಾಗಿ ಕಳಚುತ್ತದೆ.

ಅಂಗಡಿಯಲ್ಲಿ ನಿಂತೇ ಇದನ್ನು ಗುರುತಿಸಬಹುದು. ಪಾತ್ರೆಯನ್ನು ಅಂಗೈ ಮೇಲೆ ಕೂಡಿಸಿಕೊಂಡು ಬೆರಳ ಗೆಣ್ಣಿನಿಂದ ಬಡಿಯಿರಿ. ಖಣ್ ಎಂದರೆ ಚೆನ್ನಾಗಿ ಬೆಂದಿದೆ. ಬೊದ್ದ ಸಪ್ಪಳ ಬಂದರೆ ಬೇಯುವುದು ಕಡಿಮೆಯಾಗಿದೆ, ಇಲ್ಲವೇ ಕಣ್ಣಿಗೆ ಕಾಣದ ಬಿರುಕಿದೆ. ತಳವನ್ನು ಉಗುರಿನಿಂದ ಕೆರೆದಾಗ ಪುಡಿ ಉದುರಬಾರದು. ಒಡೆದ ಚೂರು ಅಂಗಡಿಯಲ್ಲಿ ಬಿದ್ದಿದ್ದರೆ ಅದರ ಅಂಚು ನೋಡಿ: ಒಳಗೆ ಕಪ್ಪು ಪಟ್ಟೆ ಇದ್ದರೆ ಒಳಗಿನ ಮಣ್ಣಿಗೆ ಕಾವೂ ಗಾಳಿಯೂ ಸಾಕಷ್ಟು ತಾಗಿಲ್ಲ. ಹೂಕುಂಡಕ್ಕೆ ಅದು ನಡೆದೀತು, ಒಲೆಯ ಮೇಲಿಡುವ ಗಡಿಗೆಗೆ ಬೇಡ. ಗೋಡೆಯ ದಪ್ಪ ಎಲ್ಲ ಕಡೆ ಒಂದೇ ಇದೆಯೇ ಎಂದು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಸುತ್ತ ತಿರುಗಿಸಿ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳುವಾದರೆ ಕಾವು ಒಂದೇ ಸಮ ಹರಡದೆ ಆ ಸಂದಿನಲ್ಲೇ ಸೀಳುತ್ತದೆ.

ನಮ್ಮ ಸೀಮೆಯ ಮಣ್ಣಿಗೆ ಒಂದು ವಿಶೇಷ ತೊಂದರೆಯಿದೆ. ಎರೆ ನೆಲದಲ್ಲಿ ಸುಣ್ಣದ ಹರಳು ಹೇರಳ. ಮಣ್ಣು ಸೋಸುವಾಗ ತಪ್ಪಿಸಿಕೊಂಡ ಹರಳು ಬಟ್ಟಿಯಲ್ಲಿ ಸುಟ್ಟು ಸುಣ್ಣವಾಗುತ್ತದೆ. ಪಾತ್ರೆ ಮನೆಗೆ ಬಂದು ನೀರು ಅಥವಾ ಹಸಿ ಗಾಳಿ ತಾಗಿದಾಗ ಆ ಸುಣ್ಣ ಅರಳಿ, ಮೇಲಿನ ಮಣ್ಣನ್ನು ಬಿಲ್ಲೆಯಂತೆ ಚಿಮ್ಮಿಸುತ್ತದೆ. ಕೊಂಡಾಗ ನೆಟ್ಟಗಿದ್ದ ಪಾತ್ರೆ ವಾರ ಕಳೆದ ಮೇಲೆ ಗುಳಿ ಬೀಳುವುದು ಇದರಿಂದಲೇ. ಗುಳಿಯ ನಡುವೆ ಬಿಳಿ ಚುಕ್ಕೆ ಇದ್ದರೆ ಕಾರಣ ಖಚಿತ. ಕೊಳ್ಳುವಾಗ ಮೈಮೇಲೆ ಬಿಳಿ ಚುಕ್ಕೆ ಕಂಡ ಪಾತ್ರೆ ಬಿಡಿ. ಮಣ್ಣನ್ನು ನೀರಿನಲ್ಲಿ ಕದಡಿ ಸಣ್ಣ ಜಾಲರಿಯಿಂದ ಸೋಸುವ ಕುಂಬಾರರ ಮಾಲಿಗೆ ನಾಲ್ಕು ಕಾಸು ಹೆಚ್ಚು ಕೊಡುವುದು ನ್ಯಾಯ, ಅದು ಎರಡು ದಿನದ ಹೆಚ್ಚಿನ ದುಡಿಮೆ.

ಇನ್ನು ಬಣ್ಣದ ಮೋಸ. ಕೆಂಪಾಗಿ ಕಾಣಲೆಂದು ಕೆಲವು ಕುಂಡ, ಹೂಜಿಗಳಿಗೆ ಆಯಿಲ್ ಪೇಂಟ್ ಬಳಿದಿರುತ್ತಾರೆ. ಪೇಂಟ್ ಬಳಿದ ಹೂಜಿಯಲ್ಲಿ ನೀರು ತಣ್ಣಗಾಗದು, ಏಕೆಂದರೆ ತಂಪು ಬರುವುದು ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವುದರಿಂದ. ಒಂದು ಹನಿ ನೀರು ಹಾಕಿ: ಮಣ್ಣು ಅದನ್ನು ಕ್ಷಣದಲ್ಲಿ ಹೀರಬೇಕು. ಹನಿ ಮುತ್ತಿನಂತೆ ಕೂತರೆ ಅದು ಪೇಂಟ್ ಅಥವಾ ವಾರ್ನಿಶ್. ಅಚ್ಚಿನಲ್ಲಿ ಎರೆದ ಪ್ಲಾಸ್ಟರ್ ಆಫ್ ಪ್ಯಾರಿಸ್ ಹೂದಾನಿಗಳನ್ನೂ ಮಣ್ಣಿನದೆಂದು ಮಾರುತ್ತಾರೆ. ತಳದಲ್ಲಿ ಕೆರೆದರೆ ಬಿಳಿ ಹಿಟ್ಟು ಬರುತ್ತದೆ, ಮಳೆಗೆ ಅದು ಮೆತ್ತಗಾಗುತ್ತದೆ.

ಹೊಳೆಯುವ ಗಾಜಿನ ಲೇಪದ ಬಟ್ಟಲು, ತಟ್ಟೆಗಳ ವಿಷಯದಲ್ಲಿ ಗಟ್ಟಿಯಾಗಿ ಎಚ್ಚರಿಸಬೇಕಿದೆ. ಮೆಡಿಟರೇನಿಯನ್ ನಾಡುಗಳ ಬಣ್ಣದ ಮಣ್ಣಿನ ಪಾತ್ರೆಗಳಿಗೆ ಶತಮಾನಗಳ ಕಾಲ ಸೀಸದ ಲೇಪವನ್ನೇ ಬಳಸಿದ್ದಾರೆ, ಕಡಿಮೆ ಕಾವಿನಲ್ಲಿ ಕರಗಿ ಹೊಳೆಯುತ್ತದೆ ಎಂಬ ಕಾರಣಕ್ಕೆ. ಕೆಲವು ಕೆಂಪು, ಕಿತ್ತಳೆ, ಹಳದಿ ಬಣ್ಣಗಳಲ್ಲಿ ಕ್ಯಾಡ್ಮಿಯಮ್ ಇರುವುದುಂಟು. ಹುಣಸೆ, ನಿಂಬೆ, ಮೊಸರು, ಉಪ್ಪಿನಕಾಯಿಯ ಹುಳಿ ಇವನ್ನು ಕರಗಿಸಿ ಊಟಕ್ಕೆ ಸೇರಿಸುತ್ತದೆ. ನಮ್ಮ ಅಡುಗೆಯಲ್ಲಿ ಹುಳಿಯಿಲ್ಲದ ಹೊತ್ತೇ ಇಲ್ಲ. ‘ಆಹಾರಕ್ಕೆ ಯೋಗ್ಯ, ಸೀಸರಹಿತ’ ಎಂದು ತಯಾರಕರ ಹೆಸರಿನೊಂದಿಗೆ ಬರೆದಿಲ್ಲದ ಬಣ್ಣದ ಪಾತ್ರೆ ಗೋಡೆಗೆ, ಹಣ್ಣಿಗೆ ಸರಿ. ಸಾರಿಗೆ, ಚಟ್ನಿಗೆ ಬೇಡ. ಲೇಪದಲ್ಲಿ ಕೂದಲೆಳೆಯಂಥ ಬಿರುಕಿನ ಬಲೆ ಕಂಡರೂ ಬೇಡ. ಮೊರಾಕೊದ ಶಂಕುವಿನಾಕಾರದ ಮುಚ್ಚಳದ ತಾಜಿನ್ ಪಾತ್ರೆಗೂ ಇದೇ ಮಾತು: ಚಿತ್ತಾರ ತುಂಬಿದ್ದು ಬಡಿಸಲು, ಅಡುಗೆ ಮಾಡುವುದು ಸಾದಾ ಮಣ್ಣಿನದರಲ್ಲಿ. ಖಾನಾಪುರದ ಅಗಲ ಗಡಿಗೆಯೊಂದಕ್ಕೆ ಬಿಗಿಯಾಗಿ ಕೂಡುವ ಮುಚ್ಚಳ ಹೇಳಿ ಮಾಡಿಸಿದರೆ ಕೆಲಸ ಅದೇ.

ಅಡುಗೆಯ ಗಡಿಗೆಯನ್ನು ಹದ ಮಾಡುವುದು ಹೀಗೆ. ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಡಿ, ಗುಳ್ಳೆ ಏಳುವುದು ನಿಲ್ಲಬೇಕು. ನೆರಳಲ್ಲಿ ಪೂರ್ತಿ ಆರಿಸಿ. ಅಕ್ಕಿ ತೊಳೆದ ನೀರು ಅಥವಾ ತೆಳು ಗಂಜಿಯನ್ನು ಮುಕ್ಕಾಲು ತುಂಬಿ ಸಣ್ಣ ಉರಿಯಲ್ಲಿ ಅರ್ಧ ತಾಸು ಕುದಿಸಿ, ಅದರಲ್ಲೇ ತಣಿಯಲು ಬಿಡಿ. ಗಂಜಿಯ ಪಿಷ್ಟ ರಂಧ್ರಗಳಲ್ಲಿ ಕೂತು ಜಿನುಗುವುದನ್ನು ತಡೆಯುತ್ತದೆ. ಗ್ಯಾಸ್ ಒಲೆಯಲ್ಲಿ ನಡುವೆ ಒಂದು ಕಬ್ಬಿಣದ ಹಂಚು ಇಟ್ಟು, ಮೊದಲ ಹತ್ತು ನಿಮಿಷ ಸಣ್ಣ ಉರಿ. ಗಡಿಗೆ ಸೀಳುವುದು ಹೆಚ್ಚಾಗಿ ಮೂರು ಕಾರಣಕ್ಕೆ: ತಳ ಹಸಿಯಿರುವಾಗಲೇ ಒಲೆಗೇರಿಸುವುದು, ಕಾದ ಗಡಿಗೆಗೆ ತಣ್ಣೀರು ಸುರಿಯುವುದು, ಇಳಿಸಿ ಒದ್ದೆ ಕಡಪಾ ಕಲ್ಲಿನ ಮೇಲಿಡುವುದು. ಸೋಪಿನ ಪುಡಿ ಬೇಡ, ಮಣ್ಣು ಅದನ್ನು ಕುಡಿದು ಮುಂದಿನ ಅಡುಗೆಗೆ ಬಿಡುತ್ತದೆ. ಬಿಸಿನೀರು, ತೆಂಗಿನ ನಾರು, ಬೂದಿ ಸಾಕು. ಮಳೆಗಾಲದಲ್ಲಿ ತೊಳೆದ ಗಡಿಗೆಯನ್ನು ಮುಚ್ಚಳ ಹಾಕಿ ಇಟ್ಟರೆ ಬೂಷ್ಟು ಖಂಡಿತ. ಬಾಯಿ ತೆರೆದು, ಅಡುಗೆ ಮುಗಿದ ಒಲೆಯ ಬದಿಯಲ್ಲಿ ಒರಗಿಸಿಡಿ.

ಬಟ್ಟೆಯ ಮಾತಿಗೆ ಬಂದರೆ, ಲಿನನ್ ಮೆಡಿಟರೇನಿಯನ್ ಶೈಲಿಯ ಕಿರೀಟವೆಂದು ಹೇಳುತ್ತಾರೆ. ಅದರ ನಾರಿನ ದೊಡ್ಡ ಬೆಳೆ ಇರುವುದು ಉತ್ತರ ಫ್ರಾನ್ಸ್, ಬೆಲ್ಜಿಯಮ್ ಕಡೆ. ಆ ಗಿಡ ನಮ್ಮ ಹೊಲದ ಅಗಸಿಯೇ. ಹಿಂಡಿ ಕುಟ್ಟುವ ಬೀಜದ ತಳಿ ಗಿಡ್ಡ, ಕವಲು ಹೆಚ್ಚು, ನಾರಿನ ತಳಿ ಉದ್ದ, ಕವಲು ಕಡಿಮೆ. ಹೀಗಾಗಿ ಶುದ್ಧ ಲಿನನ್ ಇಲ್ಲಿಗೆ ದೂರದಿಂದಲೇ ಬರಬೇಕು, ಬೆಲೆಯೂ ಹಾಗೆಯೇ ಇರುತ್ತದೆ. ಅಗ್ಗಕ್ಕೆ ಸಿಗುವ ‘ಲಿನನ್ ಲುಕ್’ ಬಹುಪಾಲು ಪಾಲಿಯೆಸ್ಟರ್. ಅಂಚಿನ ನಾಲ್ಕು ಎಳೆ ಕೇಳಿ ಪಡೆದು, ಹೊರಗೆ ಬಂದು ಕಡ್ಡಿ ಗೀರಿ: ಹತ್ತಿ, ಲಿನನ್ ಕಾಗದ ಸುಟ್ಟ ವಾಸನೆ ಕೊಟ್ಟು ಮೆತ್ತನೆ ಬೂದಿಯಾಗುತ್ತವೆ, ರೇಷ್ಮೆ, ಉಣ್ಣೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಕಟ್ಟುತ್ತದೆ. ಬೂದಿಯಲ್ಲಿ ಮಣಿಯೂ ಪುಡಿಯೂ ಎರಡೂ ಇದ್ದರೆ ಮಿಶ್ರ ನೂಲು.

ನೇಕಾರರ ಊರು ಕಾಲ್ನಡಿಗೆಯ ದೂರದಲ್ಲಿರುವಾಗ ಪರದೆಗೆ ದಪ್ಪ ಹತ್ತಿ ಸಾಕು. ವಡಗಾವಿ, ಖಾಸಬಾಗ, ಶಹಾಪುರದಲ್ಲಿ ಮಗ್ಗಗಳಿವೆ. ಹೆಚ್ಚಿನವು ವಿದ್ಯುತ್ ಮಗ್ಗ, ಅದನ್ನು ಕೈಮಗ್ಗವೆಂದು ಮಾರಬಾರದು ಅಷ್ಟೆ. ಕೈಮಗ್ಗ ಬೇಕೆಂದವರು ‘ಹ್ಯಾಂಡ್‌ಲೂಮ್ ಮಾರ್ಕ್’ ಚೀಟಿ ಕೇಳಲಿ. ಲೆಕ್ಕ ಹೀಗೆ: 4 ಅಡಿ ಅಗಲದ ಕಿಟಕಿಗೆ ನೆರಿಗೆ ಬೀಳಲು ಒಂದೂವರೆ ಪಟ್ಟು, ಅಂದರೆ 6 ಅಡಿ ಅಗಲದ ಬಟ್ಟೆ ಬೇಕು, 36 ಇಂಚು ಪನ್ನದ್ದಾದರೆ (ಪನ್ನ ಎಂದರೆ ಬಟ್ಟೆಯ ಅಗಲ) ಎರಡು ತುಂಡು. ಎತ್ತರ 5 ಅಡಿಯಾದರೆ ಮೇಲಿನ ಕೆಳಗಿನ ಮಡಿಕೆಗೆ 10 ಇಂಚು, ಕುಗ್ಗುವುದಕ್ಕೆ 5 ಇಂಚು ಸೇರಿಸಿ ಒಂದೊಂದು ತುಂಡು 75 ಇಂಚು. ಒಟ್ಟು 4 ಮೀಟರ್ ಕೊಂಡರೆ ಸರಿ. ಹೊಲಿಸುವ ಮೊದಲೇ ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಬೇಕು. ಇದನ್ನು ಬಿಟ್ಟವರ ಪರದೆ ಮೊದಲ ಒಗೆತಕ್ಕೆ ಕಿಟಕಿಯ ಕಟ್ಟೆಯಿಂದ ಮೇಲೇರಿ ನಿಲ್ಲುತ್ತದೆ. ಹಳೆಯ ಇಳಕಲ್ ಸೀರೆಯನ್ನು ಪರದೆ ಮಾಡುವವರು ಒಡಲು ಸೆರಗನ್ನು ಬೇರೆ ಮಾಡಿ ಹೊಲಿಸಲಿ. ಹತ್ತಿಯ ಒಡಲು, ರೇಷ್ಮೆಯ ಸೆರಗು ಒಂದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ, ಎರಡನ್ನೂ ಜೋಡಿಸಿದ ತೆನಿಯಲ್ಲಿ ಸುಕ್ಕು ಬೀಳುತ್ತದೆ. ಗುಳೇದಗುಡ್ಡದ ಖಣ ದಿಂಬಿನ ಗವಸಿಗೆ ಬಹಳ ಚೆನ್ನ, ಆದರೆ ಬಣ್ಣ ಬಿಡುತ್ತದೆಯೇ ಎಂದು ಒದ್ದೆ ಬಿಳಿ ಅರಿವೆಯಿಂದ ತಿಕ್ಕಿ ನೋಡಿ, ಒಳಗೆ ಬಿಳಿ ಹತ್ತಿಯ ಅಸ್ತರ ಕೊಡಿಸಿ.

ಹಾಸಿಗೆಯ ಮೇಲಿನ ಹೊದಿಕೆಗೆ ಕೌದಿಗಿಂತ ಪರಿಸರಸ್ನೇಹಿ ವಸ್ತು ಯಾವ ದೇಶದಲ್ಲೂ ಹುಡುಕಬೇಕಿಲ್ಲ. ಐದಾರು ಹಳೆಯ ಸೀರೆ ಕೊಟ್ಟು ಹೊಲಿಸಬಹುದು. ಎಲ್ಲವೂ ಹತ್ತಿಯದೇ ಆಗಿರಲಿ. ನಡುವೆ ಒಂದು ನೈಲಾನ್ ಸೀರೆ ಸೇರಿದರೆ ಬೆವರು ಆರದೆ ಕೌದಿ ವಾಸನೆ ಹಿಡಿಯುತ್ತದೆ. ನೆಲಕ್ಕೆ ನವಲಗುಂದದ ಜಮಖಾನ, ಇಲ್ಲವೇ ಡೆಕ್ಕನಿ ಕುರಿಯ ಕಂಬಳಿ. ಹೊಸ ಕಂಬಳಿ ಬಿರುಸಾಗಿರುವುದು, ಒಂದು ಬಗೆಯ ವಾಸನೆ ಇರುವುದು ಹುಣಸೆ ಬೀಜದ ಅಂಬಲಿ ಕೊಟ್ಟು ನೆಯ್ದದ್ದರಿಂದ. ಅದು ದೋಷವಲ್ಲ, ಬಳಸುತ್ತ ಹೋಗುತ್ತದೆ. ಸೆಣಬಿನ ಚಾಪೆಯನ್ನು ಮಾತ್ರ ಬೆಳಗಾವಿಯ ನೆಲಮಹಡಿಯಲ್ಲಿ ಹಾಸಬೇಡಿ. ಮಳೆಗಾಲದ ಥಂಡಿ ಹೀರಿ ಕೆಳಗಿನಿಂದ ಕೊಳೆಯುತ್ತದೆ.

ಬುಟ್ಟಿಗಳಲ್ಲಿ ಮೇದಾರರ ಕೈಕೆಲಸಕ್ಕೆ ಸಾಟಿಯಿಲ್ಲ. ಸ್ಪೇನಿನಲ್ಲಿ ಎಸ್ಪಾರ್ಟೊ ಹುಲ್ಲಿನಿಂದ ಹೆಣೆಯುವ ಹೆಡಿಗೆಯ ಕೆಲಸವನ್ನು ಇಲ್ಲಿ ಬಿದಿರು ಮಾಡುತ್ತದೆ. ಬಿದಿರಿನ ಹೊರಮೈಯ ಹಸಿರು ಸಿಪ್ಪೆಯಿಂದ ಸೀಳಿದ ಪಟ್ಟಿ ಗಟ್ಟಿ, ಒಳತಿರುಳಿನ ಪಟ್ಟಿ ಮೆದು. ಹೊಳಪುಳ್ಳ ಮೈ ಕಾಣುವ ಪಟ್ಟಿಗಳು ಕನಿಷ್ಠ ತಳದಲ್ಲಿ ಮತ್ತು ಬಾಯಿಕಟ್ಟಿನಲ್ಲಿ ಇರಬೇಕು. ಬಿದಿರಿನ ಶತ್ರು ಕೊರೆಹುಳ, ಅದಕ್ಕೆ ಬೇಕಾದದ್ದು ಬಿದಿರಿನೊಳಗಿನ ಪಿಷ್ಟ. ಬುಟ್ಟಿಯನ್ನು ಬಿಳಿ ಕಾಗದದ ಮೇಲೆ ನಾಲ್ಕು ಸಲ ಬಡಿಯಿರಿ. ಹಿಟ್ಟಿನಂಥ ನುಣುಪು ಪುಡಿ ಉದುರಿದರೆ ಹುಳ ಒಳಗಿದೆ. ಕಡಿದ ಬಿದಿರನ್ನು ಎರಡು ವಾರ ನೀರಿನಲ್ಲಿ ನೆನೆಹಾಕಿ ಪಿಷ್ಟ ಬಿಡಿಸಿದ್ದಾರೆಯೇ ಎಂದು ಹೆಣೆದವರನ್ನೇ ಕೇಳಬಹುದು. ಬೋರಾಕ್ಸ್, ಬೋರಿಕ್ ಆಸಿಡ್ ದ್ರಾವಣದಲ್ಲಿ ಅದ್ದಿದ್ದು ಇನ್ನೂ ಬಾಳಿಕೆ ಬರುತ್ತದೆ, ಆದರೆ ಅದರಲ್ಲಿ ರೊಟ್ಟಿ, ಹಣ್ಣು ಇಡಬಾರದು. ರೊಟ್ಟಿಯ ಬುಟ್ಟಿಗೆ ವಾರ್ನಿಶ್ ಕೂಡ ಬೇಡ. ನೆನೆಸಿದ ಕಾಗದ ಮತ್ತು ಮೆಂತ್ಯದ ಲೇಪ ಕೊಡುವ ಹಳೆಯ ಪದ್ಧತಿ ಕಾಳುಕಡಿಯ ಬುಟ್ಟಿಗೆ ಇಂದಿಗೂ ಯೋಗ್ಯ.

‘ಬಿದಿರು ನಾರಿನ’ ಕಪ್, ತಟ್ಟೆ ಎಂದು ನುಣ್ಣಗೆ ಅಚ್ಚು ಹಾಕಿ ಮಾರುವುದು ಬೇರೆಯೇ ವಸ್ತು. ಅದು ಬಹುಪಾಲು ಬಿದಿರಿನ ಪುಡಿ ಬೆರೆಸಿದ ಮೆಲಮೈನ್ ಪ್ಲಾಸ್ಟಿಕ್. ಬಿಸಿ ಚಹಾ ಹಾಕಿದಾಗ ಮೆಲಮೈನ್, ಫಾರ್ಮಾಲ್ಡಿಹೈಡ್ ಇಳಿಯುತ್ತವೆಂದು ಐರೋಪ್ಯ ಒಕ್ಕೂಟ ಇವುಗಳ ಮಾರಾಟದ ವಿರುದ್ಧ 2021ರಲ್ಲಿ ಕ್ರಮಕ್ಕಿಳಿಯಿತು. ಇದನ್ನು ಪರಿಸರಸ್ನೇಹಿ ಎನ್ನುವುದು ಸುಳ್ಳು.

ಆಲಿವ್ ಕಟ್ಟಿಗೆಯ ಬಟ್ಟಲು ಹುಡುಕುವ ಅಗತ್ಯವಿಲ್ಲ, ಸಾಗವಾನಿ, ಹಲಸು ಸಾಕು. ಅಗಸಿ ಎಣ್ಣೆ ತೆಳುವಾಗಿ ಸವರಿ, 20 ನಿಮಿಷದ ಮೇಲೆ ಹೆಚ್ಚಿನದನ್ನು ಒರೆಸಿ, ಒಣಗಲು ಕೆಲವು ದಿನ ಬಿಟ್ಟು ಮತ್ತೆ ಎರಡು ಸಲ ಸವರಿ. ಪೇಂಟ್ ಅಂಗಡಿಯ ‘ಬಾಯಿಲ್ಡ್’ ಅಗಸಿ ಎಣ್ಣೆಯಲ್ಲಿ ಬೇಗ ಒಣಗಿಸುವ ಲೋಹದ ಲವಣಗಳಿರುತ್ತವೆ, ಊಟದ ಪಾತ್ರೆಗೆ ಅದು ಸಲ್ಲ. ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಒಗೆಯಬೇಡಿ. ಈ ಎಣ್ಣೆ ಒಣಗುವಾಗ ಕಾವು ಹುಟ್ಟಿ ಅರಿವೆ ತಾನಾಗಿ ಹೊತ್ತಿಕೊಳ್ಳುವ ಅಪಾಯವಿದೆ. ನೀರಲ್ಲಿ ನೆನೆಸಿ, ಹರಡಿ ಒಣಗಿಸಿ.

ತಾಮ್ರ, ಹಿತ್ತಾಳೆ ಪಾತ್ರೆಗಳು ಟರ್ಕಿಯಲ್ಲೂ ನಮ್ಮಲ್ಲೂ ಕಲಾಯಿ ಹಾಕಿಯೇ ಬಳಕೆಯಾದವು. ಕಲಾಯಿ ಶುದ್ಧ ತವರದ್ದಾಗಿರಬೇಕು. ಸೀಸ ಬೆರೆತ ತವರ ಅಗ್ಗ, ಬೇಗ ಹರಡುತ್ತದೆ, ಮತ್ತು ವಿಷ. ಕಲಾಯಿ ಹಾಕುವವರ ಕೈಯಲ್ಲಿನ ಕಡ್ಡಿಯನ್ನು ಬಿಳಿ ಕಾಗದಕ್ಕೆ ಗೀರಿಸಿ ನೋಡಿ. ಬೂದು ಗೆರೆ ಗಾಢವಾಗಿ ಬಿದ್ದರೆ ಸೀಸದ ಅನುಮಾನವಿದೆ. ತವರ 232 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಖಾಲಿ ಪಾತ್ರೆಯನ್ನು ಉರಿಯ ಮೇಲೆ ಬಿಟ್ಟರೆ ಕಲಾಯಿ ಹರಿದುಹೋಗುತ್ತದೆ.

ಬಿಳಿ ಗೋಡೆಗೆ ಸುಣ್ಣ ಹಚ್ಚಿಸುವವರು ಮೊದಲು ಗೋಡೆ ನೋಡಲಿ. ಪುಟ್ಟಿ, ಎಮಲ್ಶನ್ ಬಳಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ, ಸಿಪ್ಪೆಯಾಗಿ ಏಳುತ್ತದೆ. ಬರಿ ಗಾರೆ, ಇಟ್ಟಿಗೆ, ಮಣ್ಣಿನ ಗೋಡೆಗೆ ಮಾತ್ರ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ ಇರಲೇಬೇಕು. ಎರಡು ವಾರ ನೀರಿನಡಿ ಇಟ್ಟು, ಸೋಸಿ, ಹಾಲಿನಷ್ಟು ತೆಳು ಮಾಡಿ, ಗೋಡೆ ತೋಯಿಸಿ, ದಿನಕ್ಕೊಂದರಂತೆ ಮೂರು ನಾಲ್ಕು ಕೈ ಹಚ್ಚಿ. ಒಂದೇ ದಪ್ಪ ಕೈ ಹಚ್ಚಿದರೆ, ಅಥವಾ ಬಿರುಬಿಸಿಲಿಗೆ ಬೇಗ ಒಣಗಿದರೆ, ಮುಟ್ಟಿದವರ ಬಟ್ಟೆಗೆ ಹತ್ತುತ್ತದೆ. ಬೆಳಗಾವಿಯಲ್ಲಿ ಇದಕ್ಕೆ ಕಾಲ ದಸರೆಯ ನಂತರ, ಬೇಸಿಗೆ ಏರುವ ಮುನ್ನ. ಮೊರಾಕೊದ ಮರ್ರಾಕೇಶದ ತಡೆಲಕ್ತ್ ಎಂಬ ನುಣುಪು ಗಾರೆ ನೀರು ತಡೆಯುವುದು ಆಲಿವ್ ಎಣ್ಣೆಯ ಸೋಪು ಸುಣ್ಣದೊಡನೆ ಕೂಡಿ ಕರಗದ ಪದರ ಕಟ್ಟುವುದರಿಂದ. ಕಲ್ಲಿನಿಂದ ತಿಕ್ಕಿ ಹೊಳಪು ಕೊಡುವ ನುರಿತ ಕೈ ಇಲ್ಲದೆ ಸ್ನಾನದ ಮನೆಗೆ ಅದನ್ನು ಪ್ರಯತ್ನಿಸುವುದು ಹಣ ಹಾಳು.

ಪೇಟೆಯ ವ್ಯಾಪಾರಿಗಳಲ್ಲಿ ನಮ್ಮ ಕೇಳಿಕೆ ಇಷ್ಟು. ಪ್ರತಿ ಸಾಮಾನಿಗೆ ಕನ್ನಡದಲ್ಲಿ ಒಂದು ಚೀಟಿ ಇರಲಿ: ಯಾವ ವಸ್ತುವಿನದು, ಯಾವ ಊರಿನಲ್ಲಿ ಮಾಡಿದ್ದು, ಆಹಾರಕ್ಕೆ ಯೋಗ್ಯವೋ ಅಲ್ಲವೋ. ಪೊಟ್ಟಣ ಕಟ್ಟಿ ಬಂದ ಮಾಲಿಗೆ ತಯಾರಕರ ಅಥವಾ ಆಮದುದಾರರ ಹೆಸರು, ಆಮದು ಮಾಲಾದರೆ ಮೂಲ ದೇಶ ನಮೂದಿಸುವುದು 2011ರ ಪೊಟ್ಟಣ ಸರಕು ನಿಯಮಗಳಂತೆ ಈಗಾಗಲೇ ಕಡ್ಡಾಯ. ಆಧಾರ ತೋರಿಸದೆ ‘ಪರಿಸರಸ್ನೇಹಿ’, ‘ಹಸಿರು’ ಎಂದು ಬರೆಯಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಕೊಳ್ಳುವವರು ಆಧಾರ ಕೇಳಬಹುದು, ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ಮಹಾನಗರ ಪಾಲಿಕೆಯಲ್ಲೂ ಒಂದು ಬೇಡಿಕೆ: ದೀಪಾವಳಿಯಲ್ಲಷ್ಟೇ ಅಲ್ಲದೆ ವರ್ಷವಿಡೀ ಕುಂಬಾರರು, ಮೇದಾರರು ನೇರ ಮಾರಲು ಹಳೆಯ ಪೇಟೆಯಲ್ಲಿ ಮಳೆ ನೀರು ಬೀಳದ ಒಂದು ಕಟ್ಟೆ ಕೊಡಲಿ. ಮಳೆಗಾಲದಲ್ಲಿ ಕಾಲುಹಾದಿಯ ಮೇಲೆ ತೋಯ್ದ ಬುಟ್ಟಿಗೇ ಮೊದಲು ಬೂಷ್ಟು ಹತ್ತುತ್ತದೆ, ಅಲ್ಲಿ ನಷ್ಟವಾಗುವುದು ಹೆಣೆದವರಿಗೆ.

ಇಂತಿ ತಮ್ಮ ಓದುಗರು,
ಶಹಾಪುರ, ಬೆಳಗಾವಿ